ಅನೋವಾದಲ್ಲಿ ಮಾಡೆಲ್ ಹೋಲಿಸುವ ಮೊದಲು ಸಾಲು ಎಣಿಸಿ

ಅಂಕಿಅಂಶಗಳ ಸಾಫ್ಟ್‌ವೇರ್ ಆದ ಆರ್‌ನಲ್ಲಿ (R) ಎರಡು ಮಾಡೆಲ್, ಅಂದರೆ ಒಂದು ಅಳತೆಯನ್ನು ಬೇರೆ ಅಳತೆಗಳಿಂದ (ವೇರಿಯಬಲ್‌ಗಳಿಂದ) ಅಂದಾಜಿಸುವ ಸೂತ್ರ, ಕಟ್ಟಿ, ಅವನ್ನು ಹೋಲಿಸುವ ಅನೋವಾ (anova) ಕಮಾಂಡಿಗೆ ಕೊಟ್ಟು, ಬಂದ ಪಿ ವ್ಯಾಲ್ಯೂವನ್ನು (ಸೇರಿಸಿದ ವೇರಿಯಬಲ್‌ನಿಂದ ಉಪಯೋಗವೇ ಇಲ್ಲದಿದ್ದರೂ ಇಷ್ಟು ಸುಧಾರಣೆ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಹಾಗೇ ವರದಿಗೆ ಅಂಟಿಸುವವರನ್ನು ತುಂಬಾ ನೋಡಿದ್ದೇನೆ. ಹೋಲಿಕೆ ಕೆಡುವುದು ಅದಕ್ಕೂ ಮುಂಚೆ, ಡೇಟಾ ಸಿದ್ಧ ಮಾಡುವಾಗ.

ಮೊದಲು, ಕಡಿಮೆ ವೇರಿಯಬಲ್ ಇರುವ ಚಿಕ್ಕ ಮಾಡೆಲ್‌ನಲ್ಲಿ ಇರುವುದೆಲ್ಲ ದೊಡ್ಡದರಲ್ಲೂ ಇರಬೇಕು. ಇಲ್ಲದಿದ್ದರೆ ಅನೋವಾ ಬೇಡ, ಮಾಡೆಲ್‌ಗಳನ್ನು ಹೋಲಿಸುವ ಇನ್ನೊಂದು ಅಳತೆಯಾದ ಎಐಸಿ (AIC) ನೋಡಿ.

ಎರಡನೆಯದು ಎಲ್ಲರೂ ಎಡವುವ ಜಾಗ. ಎರಡೂ ಮಾಡೆಲ್‌ಗೆ ಅವೇ ಸಾಲುಗಳು ಹೋಗಬೇಕು. ಆರ್ ಜೊತೆಗೇ ಬರುವ ಏರ್‌ಕ್ವಾಲಿಟಿ ಡೇಟಾ ತೆರೆಯಿರಿ: 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಅಳೆದ 153 ದಿನಗಳ ಲೆಕ್ಕ. ಅದರಲ್ಲಿ ಓಝೋನ್ 37 ದಿನ ಖಾಲಿ, ಬಿಸಿಲು 7 ದಿನ ಖಾಲಿ. ಓಝೋನನ್ನು ಗಾಳಿಯ ವೇಗದಿಂದ ಮಾತ್ರ ಅಂದಾಜಿಸಿದರೆ 116 ಸಾಲು ಬಳಕೆಯಾಗುತ್ತವೆ, ಬಿಸಿಲನ್ನೂ ಸೇರಿಸಿದ ಕೂಡಲೇ 111ಕ್ಕೆ ಇಳಿಯುತ್ತದೆ, ಯಾಕೆಂದರೆ ಖಾಲಿ ಇರುವ ಸಾಲನ್ನು ಮಾಡೆಲ್ ಕಟ್ಟುವ ಎಲ್‌ಎಂ (lm) ಕಮಾಂಡ್ ತಾನೇ ಬಿಟ್ಟುಬಿಡುತ್ತದೆ. ಇಲ್ಲಿ ಅನೋವಾ ಎರರ್ ಕೊಟ್ಟು ನಿಲ್ಲುತ್ತದೆ. ಆದರೆ ಅದು ನೋಡುವುದು ಎಣಿಕೆಯನ್ನು ಮಾತ್ರ! ಬೇರೆ ಬೇರೆಯಾಗಿ ಸೋಸಿದ ಎರಡು ಟೇಬಲ್ ಕೊಟ್ಟು, ಎಣಿಕೆ ಹೊಂದಿಬಿಟ್ಟರೆ ತಪ್ಪು ಉತ್ತರವೇ ನೀಟಾಗಿ ಪ್ರಿಂಟ್ ಆಗುತ್ತದೆ.

ಹಾಗಾಗಿ ದೊಡ್ಡ ಮಾಡೆಲ್‌ಗೆ ಬೇಕಾದ ಕಾಲಂಗಳನ್ನಷ್ಟೇ ಆರಿಸಿ, ಖಾಲಿ ಇರುವ ಸಾಲು ತೆಗೆದು, ಹೊಸ ಹೆಸರಲ್ಲಿ ಇಟ್ಟುಕೊಳ್ಳಿ, ಎರಡನ್ನೂ ಅದರಿಂದಲೇ ಕಟ್ಟಿ. ಖಾಲಿ ಇರುವ ಸಾಲುಗಳನ್ನೆಲ್ಲ ತೆಗೆಯುವ ಎನ್‌ಎ ಓಮಿಟ್ (na.omit) ಕಮಾಂಡನ್ನು ಇಡೀ ಟೇಬಲ್ ಮೇಲೆ ಓಡಿಸಬೇಡಿ, ಸಂಬಂಧವೇ ಇಲ್ಲದ ಕಾಲಂ ಖಾಲಿ ಇದ್ದರೂ ಒಳ್ಳೆಯ ಸಾಲು ಹೋಗುತ್ತದೆ. ಖಾಲಿ ಜಾಗಕ್ಕೆ ಸರಾಸರಿ ತುಂಬುವ ಶಾರ್ಟ್‌ಕಟ್ ಅಂತೂ ಖಂಡಿತ ಬೇಡ, ಅಳೆಯದ ದಿನವನ್ನು ಅಳೆದ ಹಾಗೆ ತೋರಿಸುತ್ತದೆ.

ಮೂರನೆಯದು, ಅನೋವಾಕ್ಕೆ ಚಿಕ್ಕದನ್ನು ಮೊದಲು, ದೊಡ್ಡದನ್ನು ಆಮೇಲೆ ಕೊಡಿ.

ಇನ್ನು ಅನೋವಾ ಕೊಡುವ ಟೇಬಲ್ ಓದುವುದು. ಆರ್ ಜೊತೆಗೇ ಬರುವ, 32 ಕಾರುಗಳ ಎಂಟಿಕಾರ್ಸ್ (mtcars) ಡೇಟಾದಲ್ಲಿ ಮೈಲೇಜನ್ನು ತೂಕದಿಂದ ಮಾತ್ರ ಅಂದಾಜಿಸಿದಾಗ ಆರ್‌ಎಸ್‌ಎಸ್, ಅಂದರೆ ಮಾಡೆಲ್ ಹಿಡಿಯದೆ ಬಿಟ್ಟ ಏರಿಳಿತ, 278.32. ಹಾರ್ಸ್‌ಪವರ್ ಸೇರಿಸಿದರೆ 195.05. ಈ 83.27ರ ಇಳಿಕೆಯನ್ನು ದೊಡ್ಡ ಮಾಡೆಲ್‌ನಲ್ಲಿ ಉಳಿದದ್ದಕ್ಕೆ, ಅಂದರೆ 195.05ನ್ನು 29ರಿಂದ (32 ಕಾರುಗಳಲ್ಲಿ ಮಾಡೆಲ್ ಅಂದಾಜಿಸುವ 3 ಸಂಖ್ಯೆಗಳನ್ನು ಕಳೆದದ್ದು) ಭಾಗಿಸಿದ 6.73ಕ್ಕೆ, ಹೋಲಿಸಿದಾಗ ಬರುವುದೇ ಎಫ್: 12.38. ಪಿ ಸುಮಾರು 0.0015. ವರದಿಯಲ್ಲಿ ಪಿ ಒಂದನ್ನೇ ಬರೆಯಬೇಡಿ, ಆರ್‌ಎಸ್‌ಎಸ್ ಎಷ್ಟು ಇಳಿಯಿತು ಅನ್ನುವುದನ್ನೂ ಹಾಕಿ.

ಒಂದೇ ಮಾಡೆಲ್ ಕೊಟ್ಟರೂ ಅನೋವಾ ಟೇಬಲ್ ಬರುತ್ತದೆ, ಆದರೆ ಅದು ವೇರಿಯಬಲ್‌ಗಳನ್ನು ನೀವು ಬರೆದ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತಾ ಹೋಗುತ್ತದೆ, ಕ್ರಮ ಬದಲಿಸಿದರೆ ಸಾಮಾನ್ಯವಾಗಿ ಅಂಕಿಗಳೂ ಬದಲಾಗುತ್ತವೆ. ಒಂದು ವೇರಿಯಬಲ್ ಬೇಕೋ ಬೇಡವೋ ಅಂತ ತಿಳಿಯಬೇಕಾದರೆ ಅದು ಇರುವ ಮಾಡೆಲ್ ಒಂದು, ಇಲ್ಲದ್ದು ಒಂದು ಕಟ್ಟಿ ಹೋಲಿಸಿ.