ಬರೆಯುವ ಮುನ್ನ ಒಂದು ಚೀಟಿ, ವಾರಕ್ಕೊಂದು ಕಾರ್ಡು

ತುಮಕೂರಿನಲ್ಲಿ ಕುಳಿತು ಕೃಷಿ ಕೈಪಿಡಿ, ತರಬೇತಿ ಪುಸ್ತಿಕೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿ ಬದುಕುವವನು ನಾನು. ಕೆಲಸಕ್ಕೆ ಕೂರುವ ಮುನ್ನ ಒಂದು ಚೀಟಿ ಬರೆಯುವುದು, ವಾರಕ್ಕೊಮ್ಮೆ ಯಾರಿಗಾದರೂ ಕೃತಜ್ಞತೆಯ ಕಾರ್ಡು ಹಾಕುವುದು ಎಂಬ ನನ್ನ ಕ್ರಮವನ್ನು ಕೇಳಿ ಜೊತೆಯ ಅನುವಾದಕರು ನಕ್ಕಿದ್ದರು. ಪುಟಕ್ಕಿಷ್ಟು ಎಂದು ದುಡಿಯುವವನಿಗೆ ಉದ್ದೇಶ, ಧನ್ಯತೆ ಎಂಬುವೆಲ್ಲ ಹೊಟ್ಟೆ ತುಂಬಿದವರ ಮಾತು ಎಂಬುದು ಅವರ ವಾದ. ಈಗ ಅವರಲ್ಲೇ ಇಬ್ಬರು ಚೀಟಿ ಬರೆಯತೊಡಗಿರುವುದರಿಂದ ನಾನು ಬಾಯಿ ಬಿಡಬಹುದೆಂದು ತೋರುತ್ತದೆ.

ಕೆಲಸದಲ್ಲಿ ಮನಸ್ಸು ನಿಲ್ಲಲೆಂದು ಇದಕ್ಕೂ ಮೊದಲು ದುಡ್ಡು ಸುರಿದದ್ದು ಕಡಿಮೆಯೇನಲ್ಲ. ಫೋನಿಗೆ ಬೀಗ ಹಾಕುವ ಆ್ಯಪ್‌ಗೆ ವರ್ಷಕ್ಕೆ ಸುಮಾರು 1,500 ರೂಪಾಯಿ, ಸದ್ದು ತಡೆಯುವ ಹೆಡ್‌ಫೋನಿಗೆ ಆರೇಳು ಸಾವಿರ, ಸೋಮೇಶ್ವರಪುರಂನಲ್ಲಿ ಹಿಡಿದ ಸಣ್ಣ ಕೋಣೆಗೆ ತಿಂಗಳಿಗೆ ಮೂರು ಸಾವಿರದ ಆಸುಪಾಸು ತೆತ್ತೆ. ಕೋಣೆಯಲ್ಲಿ ಗದ್ದಲವಿರಲಿಲ್ಲ, ನಿಜ. ಆದರೆ ಮುಂದಿರುವ ಪುಟ ಯಾರಿಗಾಗಿ ಎಂಬುದು ಅಲ್ಲಿಯೂ ತಿಳಿಯದೆ, ಬಾಡಿಗೆ ಕೊಟ್ಟು ಕಿಟಕಿಯಾಚೆ ನೋಡುತ್ತ ಕೂತದ್ದೇ ಹೆಚ್ಚು. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಕ್ರಮವೂ ನನಗೆ ಒಗ್ಗಲಿಲ್ಲ. ಮೂರು ಉಪವಾಕ್ಯಗಳಿರುವ ಒಂದು ಸಾಲನ್ನು ಬಿಡಿಸಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿತ್ತು, ಐದು ನಿಮಿಷದ ವಿರಾಮ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ಗಂಟೆಯಾಗುತ್ತಿತ್ತು.

ಚೀಟಿಯಲ್ಲಿ ಬರೆಯುವುದು ಎರಡೇ ಸಂಗತಿ: ಇದನ್ನು ಓದುವವರು ಯಾರು, ಓದಿದ ಮೇಲೆ ಅವರು ಏನು ಮಾಡಬೇಕು. ತೆಂಗಿನ ಕಪ್ಪುತಲೆ ಹುಳುವಿನ ಕೈಪಿಡಿ ಬಂದಾಗ ಬರೆದ ಚೀಟಿ ಹೀಗಿತ್ತು: ‘ಗುಬ್ಬಿ ಕಡೆಯ ಬೆಳೆಗಾರ, ವಯಸ್ಸು ಐವತ್ತರ ಮೇಲೆ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಗೋನಿಯೋಜಸ್ ಬಿಟ್ಟ ತೋಟಕ್ಕೆ ಔಷಧಿ ಹೊಡೆಯಬಾರದೆಂದು ಅವನಿಗೆ ತಿಳಿಯಬೇಕು.’ ಗೋನಿಯೋಜಸ್ ಎಂಬುದು ಆ ಹುಳುವಿನ ಮೇಲೆಯೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರೋಪಜೀವಿ ಕಣಜವಾದ್ದರಿಂದ, ಕೀಟನಾಶಕ ಹೊಡೆದರೆ ಹುಳುವಿನೊಂದಿಗೆ ಅದೂ ಸಾಯುತ್ತದೆ. ಮೂಲದಲ್ಲಿ ಈ ಎಚ್ಚರಿಕೆ ಪುಟದ ತಳದಲ್ಲಿ, ಆವರಣದೊಳಗೆ ಅಡಗಿತ್ತು. ಕೆಲಸ ಕೊಟ್ಟವರ ಒಪ್ಪಿಗೆ ಪಡೆದು ಅದನ್ನು ಮೊದಲ ಸಾಲಿಗೆ ತಂದು, ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಚೀಟಿ ಇಲ್ಲದಿದ್ದರೆ ಅದನ್ನು ಇದ್ದಲ್ಲಿಯೇ ಅನುವಾದಿಸಿ ಮುಂದೆ ಹೋಗುತ್ತಿದ್ದೆ.

ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಮೊದಲು ಎಂಟುನೂರು ಪದ ಸಾಗಿದರೆ ಹೆಚ್ಚು. ಈಗ ಸಾವಿರದ ಮುನ್ನೂರು ದಾಟುತ್ತದೆ, ತಿದ್ದುಪಡಿಗೆಂದು ವಾಪಸು ಬರುವ ಪುಟಗಳು ಅರ್ಧಕ್ಕಿಳಿದಿವೆ. ಎದ್ದೇಳುವಾಗ ವಾಕ್ಯವನ್ನು ಮುಗಿಸದೆ ನಡುವೆಯೇ ಬಿಡುತ್ತೇನೆ. ಮರುದಿನ ಅಲ್ಲಿಂದಲೇ ಕೈ ಓಡುತ್ತದೆ. ಓದುಗ ಯಾರೆಂದು ಕೆಲಸ ಕೊಡುವವರ ಬಾಯಿಂದಲೇ ಹೊರಡಿಸಲು ಫೋನಿನಲ್ಲಿ ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ.

ಕೃತಜ್ಞತೆಯ ದಿನಚರಿಯನ್ನು ಕೂಡ ಬರೆದು ನೋಡಿದ್ದೇನೆ. ಒಂದು ತಿಂಗಳಾಗುವಷ್ಟರಲ್ಲಿ ‘ಆರೋಗ್ಯ, ಮನೆ, ಮಕ್ಕಳು’ ಎಂಬ ಮೂರು ಪದಗಳೇ ದಿನವೂ ತಿರುಗಿ ಬಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತಾಯಿತು. ದಿನವೂ ಬರೆಯಲೇಬೇಕೆಂಬ ಹಟವೇ ಅನಗತ್ಯವೆಂದು ಆಮೇಲೆ ತಿಳಿಯಿತು. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪೈಕಿ ಒಂದರಲ್ಲಿ ವಾರಕ್ಕೊಮ್ಮೆ ಮಾತ್ರ, ಹೆಚ್ಚೆಂದರೆ ಐದು ಸಂಗತಿಗಳನ್ನು, ಹತ್ತು ವಾರ ಬರೆಸಿದ್ದರು. ನಾನು ಐದನ್ನು ಒಂದಕ್ಕಿಳಿಸಿ, ಅದನ್ನು 50 ಪೈಸೆಯ ಅಂಚೆ ಕಾರ್ಡಿನಲ್ಲಿ ಸಂಬಂಧಪಟ್ಟವರಿಗೇ ಕಳಿಸತೊಡಗಿದೆ. ‘ತುಂಬಾ ಉಪಕಾರವಾಯಿತು’ ಎಂದು ಬರೆಯುವಂತಿಲ್ಲ, ನಡೆದದ್ದನ್ನೇ ಬರೆಯಬೇಕು. ಕರಡು ತಿದ್ದುವವರಿಗೆ ಹಾಕಿದ ಮೊದಲ ಕಾರ್ಡಿನಲ್ಲಿ, ‘ಲೀಟರಿಗೆ 2 ಮಿ.ಲೀ. ಎಂಬುದು 20 ಎಂದು ಅಚ್ಚಾಗುವುದನ್ನು ತಾವು ತಡೆದಿರಿ’ ಎಂದಷ್ಟೇ ಇತ್ತು. ಅವರು ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾರೆ, ನನ್ನ ಕರಡನ್ನು ಮೊದಲು ಎತ್ತಿಕೊಳ್ಳುತ್ತಾರೆ. ಬಿಲ್ಲು ತಿಂಗಳುಗಟ್ಟಲೆ ಬಾಕಿಯಿದ್ದ ಒಂದು ಕಚೇರಿಯ ಗುಮಾಸ್ತರಿಗೂ ಒಂದು ಕಾರ್ಡು ಹಾಕಿದ್ದೆ. ಅದರಿಂದ ಹಣ ಬೇಗ ಬಂತೆಂದು ಹೇಳಲಾರೆ. ಕಡತದಲ್ಲಿ ಯಾವ ಕಾಗದ ಕಡಿಮೆಯಿದೆಯೆಂದು ಅವರೇ ಫೋನು ಮಾಡಿ ತಿಳಿಸುವಂತಾಯಿತು, ಈ ಕಸುಬಿನವರಿಗೆ ಅದರ ಬೆಲೆ ಗೊತ್ತು. ಯಾರಿಗೆ ಏನು ಬರೆಯಲಿ ಎಂದು ವಾರವಿಡೀ ನೋಡುತ್ತಿರಬೇಕಾದ್ದರಿಂದ ಇತರರ ಕೆಲಸದ ಕಡೆಗೂ ಗಮನ ಹೋಗತೊಡಗಿತು. ಕಾರ್ಡುಗಳಿಗೆ ವರ್ಷಕ್ಕೆ ಮೂವತ್ತು ರೂಪಾಯಿಯೂ ತಗುಲುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸುವುದು ಪತ್ರಗಳಿಗೆ ಸಾಕು, ಕೀಟಗಳ ಹೆಸರು ಬಂದೊಡನೆ ತಿದ್ದುವ ಹೊತ್ತೇ ಹೆಚ್ಚಾಗುತ್ತದೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಹೊಸ ಅನುವಾದ ಸಾಗುವುದಿಲ್ಲ, ಅಚ್ಚಿನ ಕರಡು ಓದಲು ಮಾತ್ರ ಅದು ಮನೆಗಿಂತ ಮೇಲು. ಊಟದ ನಂತರದ ಹೊತ್ತಿಗೆ ಚೀಟಿಯೂ ಕೆಲಸ ಮಾಡುತ್ತಿಲ್ಲ. ಆ ಎರಡು ಗಂಟೆಗಳನ್ನು ಸದ್ಯಕ್ಕೆ ಬಿಲ್ಲು ಬರೆಯುವುದಕ್ಕೆ ಬಿಟ್ಟುಕೊಟ್ಟಿದ್ದೇನೆ.