ಸಂಬಳ ಬದಿಗಿಟ್ಟು ಊರು ತೂಗಿದೆವು: ಸ್ಟುಟ್‌ಗಾರ್ಟ್‌ಗೆ ಬರುವ ಮುಂಚೆ ನಾವು ಹಾಕಿದ ಲೆಕ್ಕ

2022ರಲ್ಲಿ ನನ್ನ ಮುಂದೆ ಮೂರು ದಾರಿ ಇದ್ದವು. ಒಂದು ದುಬೈ ಕೆಲಸ. ಇನ್ನೊಂದು ಕಂಪನಿ ಜರ್ಮನಿಗೆ ಕರೆದಿತ್ತು. ಸ್ಟುಟ್‌ಗಾರ್ಟ್ ಅಥವಾ ಡ್ರೆಸ್ಡೆನ್, ಯಾವ ಊರು ಅಂತ ನೀವೇ ಹೇಳಿ ಅಂದಿದ್ದರು. ನಾನು ಕಾರುಗಳ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ನಮ್ಮ ಮನೆಯವರು ಚಾರ್ಟರ್ಡ್ ಅಕೌಂಟೆಂಟ್. ಮಗಳಿಗೆ ಆಗ ಐದೂವರೆ ವರ್ಷ. ಒಂದು ನೋಟ್‌ಬುಕ್ ಹಿಡಿದು ನಾವು ಊರು ಆರಿಸಿದ ರೀತಿ ನೋಡಿ ನೆಂಟರು, ಆಫೀಸಿನವರು ಎಲ್ಲ "ಇಷ್ಟೆಲ್ಲ ಯಾರು ಮಾಡ್ತಾರೆ?" ಅಂದಿದ್ದರು. ಈಗ ಅವರಲ್ಲೇ ಮೂರ್ನಾಲ್ಕು ಮನೆಯವರು ಫೋನ್ ಮಾಡಿ "ಆ ನೋಟ್‌ಬುಕ್‌ನಲ್ಲಿ ಏನೇನು ಬರ್ಕೊಂಡಿದ್ರಿ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬ್ಲೂ ಕಾರ್ಡ್ (ಓದಿದ ಪರಿಣತರಿಗೆ ಸಿಗುವ ಕೆಲಸ, ವಾಸದ ಪರವಾನಗಿ), ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ), ಟ್ಯಾಕ್ಸ್ ಕ್ಲಾಸ್ (ತೆರಿಗೆ ವರ್ಗ) ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಎಲ್ಲರ ಹಾಗೆ ಎಕ್ಸೆಲ್ ಶೀಟ್ ಮಾಡಿದೆವು. ಬಾಡಿಗೆ, ದಿನಸಿ, ಸ್ಕೂಲ್ ಫೀಸು, ಉಳಿತಾಯ. ದುಬೈ ಗೆದ್ದಿತು. ಅಲ್ಲಿ ಆದಾಯ ತೆರಿಗೆ ಇಲ್ಲವಲ್ಲ, ಕೈಗೆ ಬರುವುದು ಜರ್ಮನಿಯ ಒಂದೂವರೆ ಪಟ್ಟು. ಬಾಡಿಗೆ ಕಡಿಮೆ ಅಂತ ಡ್ರೆಸ್ಡೆನ್ ಎರಡನೆಯದು. ಸ್ಟುಟ್‌ಗಾರ್ಟ್ ಕೊನೆಗೆ. ಆದರೆ ಆ ಶೀಟ್ ನೋಡಿ ನಮ್ಮಿಬ್ಬರಿಗೂ ಧೈರ್ಯ ಬರಲಿಲ್ಲ. ಅಲ್ಲಿ ಬದುಕುವ ಒಂದು ದಿನ ಹೇಗಿರುತ್ತೆ ಅನ್ನುವುದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ಆಮೇಲೆ ವಿಡಿಯೊ ನೋಡಿದೆವು. ಎಲ್ಲವೂ ಜೂನ್, ಜುಲೈನಲ್ಲಿ ತೆಗೆದವು, ರಾತ್ರಿ ಒಂಬತ್ತೂವರೆಗೂ ಬೆಳಕು. ಅಲ್ಲೇ ನೆಲೆಸಿದವರನ್ನು ಕೇಳಿದರೆ ಎಲ್ಲರೂ ಚೆನ್ನಾಗಿದೆ ಬನ್ನಿ ಅಂತಾರೆ. ಮನೆ ಕೊಂಡು ಮಕ್ಕಳನ್ನು ಸ್ಕೂಲಿಗೆ ಹಾಕಿದವರು ಬೇರೆ ಏನು ಹೇಳಿಯಾರು?

ಕೆಲಸಕ್ಕೆ ಬಂದದ್ದು ಹೋಗಿ ವಾಪಸ್ ಬಂದವರ ಮಾತು. ಮೂರೂ ಊರುಗಳಿಂದ ಬೆಂಗಳೂರು, ಮೈಸೂರಿಗೆ ಮರಳಿದ ಸುಮಾರು ಹತ್ತು ಹನ್ನೆರಡು ಮನೆಯವರ ಜೊತೆ ಮಾತಾಡಿದೆ. ಅವರನ್ನು ಹೇಗೆ ಹುಡುಕಿದೆ ಅಂತ ಇಲ್ಲಿ ಹೇಳುವುದಿಲ್ಲ. ನಂಬಿ ಮಾತಾಡಿದವರು, ಹತ್ತು ಜನ ಅದೇ ದಾರಿ ಹಿಡಿದು ಅವರ ಬಾಗಿಲು ತಟ್ಟುವುದು ಬೇಡ. ಮೂರು ಪ್ರಶ್ನೆ ಕೇಳುತ್ತಿದ್ದೆ. ಮಂಗಳವಾರ ಸಂಜೆ ಆರರಿಂದ ಒಂಬತ್ತರವರೆಗೆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಿರಿ? ವಾಪಸ್ ಹೋಗೋಣ ಅಂತ ಮೊದಲು ಬಾಯಿಬಿಟ್ಟವರು ಯಾರು? ಮೂರನೆಯದು ನನ್ನ ಹತ್ತಿರವೇ ಇರಲಿ. ದುಡ್ಡು ಸಾಲಲಿಲ್ಲ ಅಂತ ಬಂದವರು ಒಬ್ಬರೂ ಇರಲಿಲ್ಲ. ಹೆಚ್ಚಿನ ಕಡೆ ಮೊದಲು ಮಾತೆತ್ತಿದ್ದು ಜೊತೆಗೆ ಹೋಗಿದ್ದ ಹೆಂಡತಿ ಅಥವಾ ಗಂಡ. ಅವರಿಗೆ ಕೆಲಸವಿಲ್ಲ, ಗೆಳೆಯರಿಲ್ಲ, ಹೊರಗೆ ಕತ್ತಲೆ.

ನಮ್ಮ ಮನೆಯಲ್ಲಿ ಆ ಜಾಗದಲ್ಲಿ ಇದ್ದವರು ನಮ್ಮ ಮನೆಯವರು. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿ ಯಾವ ಕೆಲಸ ಬೇಕಾದರೂ ಮಾಡಬಹುದು, ಕಾನೂನಿನ ಅಡ್ಡಿ ಇಲ್ಲ. ಆದರೆ ಜರ್ಮನ್ ಬಾರದ ಸಿಎಗೆ ಅಲ್ಲಿ ಯಾರು ಲೆಕ್ಕಪತ್ರ ಒಪ್ಪಿಸುತ್ತಾರೆ? ಹಾಗಾಗಿ ನೋಟ್‌ಬುಕ್‌ನಲ್ಲಿ ಮೂವರಿಗೂ ಬೇರೆ ಬೇರೆ ಪುಟ ಮಾಡಿದೆ. ಅವರವರಿಗೆ ಬೇಕಾದದ್ದನ್ನು ಅವರವರೇ ಬರೆದು, ಹತ್ತಕ್ಕೆ ಎಷ್ಟು ತೂಕ ಅಂತ ಹಾಕಬೇಕು. ಯಾರಾದರೂ ಒಂದು ವಿಷಯಕ್ಕೆ ಹತ್ತು ಹಾಕಿ, ಆ ಊರಲ್ಲಿ ಅದು ಸಿಗದೇ ಹೋದರೆ ಆ ಊರು ಔಟ್. ಉಳಿದವರ ಅಂಕ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ದುಬೈ ಪಟ್ಟಿಯಿಂದ ಹೊರಬಿದ್ದದ್ದು ಹೀಗೆ. ಕೆಲಸ ಹೋದರೆ ವಾಸದ ವೀಸಾಕ್ಕೂ ಕುತ್ತು ಅನ್ನುವ ಚಿಂತೆಯಲ್ಲಿ ಮಗಳನ್ನು ಬೆಳೆಸಲಾರೆ ಅಂತ ನಮ್ಮ ಮನೆಯವರು ಹತ್ತು ಹಾಕಿದರು. ನನಗೆ ಆ ಸಂಬಳದ ಮೇಲೆ ತುಂಬಾ ಆಸೆ ಇತ್ತು. ಬಿಟ್ಟೆ.

ಆಮೇಲೆ ಬೆಂಗಳೂರಿನಲ್ಲೇ ಜರ್ಮನಿಯ ಕಟ್ಟುಪಾಡಿನಲ್ಲಿ ಬದುಕಿ ನೋಡಿದೆವು. ಸುಮಾರು ಒಂದು ತಿಂಗಳು. ಕೆಲಸದವರಿಗೆ ಸಂಬಳ ಕೊಟ್ಟೇ ರಜೆ ಕೊಟ್ಟೆವು. ಜರ್ಮನಿಯಲ್ಲಿ ಅಂಗಡಿ ಮುಚ್ಚಿರುವ ಭಾನುವಾರ ಒಂದು ಕೊತ್ತಂಬರಿ ಸೊಪ್ಪನ್ನೂ ಕೊಳ್ಳುವ ಹಾಗಿಲ್ಲ. ಊಟ ತರಿಸುವ ಹಾಗಿಲ್ಲ, ಕಾರು ತೆಗೆಯುವ ಹಾಗಿಲ್ಲ. ರಾತ್ರಿ ಹತ್ತರ ಮೇಲೆ ಮಿಕ್ಸಿ, ವಾಷಿಂಗ್ ಮಷೀನ್ ಬಂದ್. "ಸಂಬಳ ಕೊಟ್ಟು ನೀನೇ ಪಾತ್ರೆ ತೊಳೀತೀಯಲ್ಲಮ್ಮಾ" ಅಂತ ಅತ್ತೆಗೆ ನಿಜವಾಗಿಯೂ ಸಂಕಟ. ಮನೆಗೆ ಬರುವವರು ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಬೇಕು ಅಂತ ಒಂದು ನಿಯಮ ಇಟ್ಟಿದ್ದೆವು. ಅದು ಪೂರ್ತಿ ಬಿದ್ದುಹೋಯಿತು. ನಮ್ಮ ದೊಡ್ಡಪ್ಪ ಬೇಜಾರು ಮಾಡಿಕೊಂಡು ಎರಡು ತಿಂಗಳು ಬರಲೇ ಇಲ್ಲ. ಆದರೆ ಅದರಿಂದ ಒಂದು ವಿಷಯ ಗೊತ್ತಾಯಿತು. ಪಾತ್ರೆ, ಬಟ್ಟೆ, ನಡಿಗೆ ಎಲ್ಲ ಎರಡನೇ ವಾರಕ್ಕೆ ಒಗ್ಗಿಹೋಗಿತ್ತು. ಜನ ಹೇಳದೇ ಕೇಳದೇ ಬಂದು ಕೂರುವುದು ತಪ್ಪಿದ್ದು ಮಾತ್ರ ತಿಂಗಳಾದರೂ ಒಗ್ಗಲಿಲ್ಲ. ಅದಕ್ಕೆ ಅಲ್ಲಿ ಏನು ದಾರಿ ಅಂತ ಹುಡುಕುವುದೇ ಮುಖ್ಯ ಅಂತ ಬರೆದುಕೊಂಡೆವು.

ಅದೇ ವರ್ಷದ ನವೆಂಬರ್‌ನಲ್ಲಿ ಮೂವರೂ ಮೂರು ವಾರ ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿಗೆ ಹೋದೆವು. ಎಲ್ಲ ನಮ್ಮದೇ ಖರ್ಚು. ಟಿಕೆಟ್, ವೀಸಾ, ಅಡುಗೆಮನೆ ಇದ್ದ ಬಾಡಿಗೆ ಮನೆ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ ಆಯಿತು. "ಆ ದುಡ್ಡಲ್ಲಿ ಯುರೋಪ್ ಪೂರ್ತಿ ಸುತ್ತಿ ಬರಬಹುದಿತ್ತು" ಅಂತ ಕೇಳಿಸಿಕೊಂಡದ್ದು ಎಷ್ಟು ಸಲವೋ. ನವೆಂಬರ್ ಬೇಕು ಅಂತಲೇ ಆರಿಸಿದ್ದೆ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದೆ ಹೋಗಿರುತ್ತೆ, ಸಂಜೆ ನಾಲ್ಕು ಮುಕ್ಕಾಲಿಗೆಲ್ಲ ಕತ್ತಲು. ನೋಡುವ ಜಾಗ ಒಂದಕ್ಕೂ ಹೋಗಲಿಲ್ಲ. ಬೆಳಗಿನ ಗುಂಪಿನಲ್ಲಿ ಆಫೀಸಿನ ದಾರಿಯ ರೈಲು ಹತ್ತಿದೆ. ಮಳೆಯಲ್ಲೇ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಬೇರೆ ಮಕ್ಕಳು ರಬ್ಬರ್ ಪ್ಯಾಂಟ್ ಹಾಕಿಕೊಂಡು ಕೆಸರಲ್ಲಿ ಆಡುತ್ತಿದ್ದರು. ಇವಳೂ ಸೇರಿಕೊಂಡಳು.

ಇಡೀ ಲೆಕ್ಕ ತಿರುಗಿದ್ದು ಟೇಬಲ್ ಟೆನಿಸ್‌ನಿಂದ. ನಮ್ಮ ಮನೆಯವರು ಕಾಲೇಜ್ ಟೀಮಿನಲ್ಲಿ ಆಡಿದವರು. ಆ ಊರಿನ ಕ್ರೀಡಾ ಸಂಘಕ್ಕೆ, ಅಲ್ಲಿ ಫೆರಾಯ್ನ್ ಅಂತಾರೆ, ಮೊದಲೇ ಮೇಲ್ ಹಾಕಿ ಒಂದು ಸಂಜೆ ಆಡಲು ಬರಬಹುದಾ ಅಂತ ಕೇಳಿದ್ದೆ. ಬನ್ನಿ ಅಂದರು, ದುಡ್ಡೂ ಕೇಳಲಿಲ್ಲ. ರೈಲಿನಲ್ಲಿ ತುಟಿ ಬಿಚ್ಚದ ಜನ ಅಲ್ಲಿ ಎರಡು ಗಂಟೆ ಇವರ ಜೊತೆ ಆಡಿ, ಆಮೇಲೆ ಕೂರಿಸಿಕೊಂಡು ಮಾತಾಡಿಸಿದರು. ಮುಂದಿನ ವಾರವೂ ಕರೆದರು. ಇಲ್ಲಿನವರು ಮುಖ ಗಂಟಿಕ್ಕಿಕೊಂಡಿರುತ್ತಾರೆ ಅನ್ನುವವರು ಸಂಘಕ್ಕೆ ಸೇರದವರು ಅಂತ ಈಗ ಖಚಿತವಾಗಿ ಹೇಳಬಲ್ಲೆ. ಇಲ್ಲಿ ಗೆಳೆತನ ಮನೆ ಬಾಗಿಲಿನಿಂದ ಶುರುವಾಗುವುದಿಲ್ಲ, ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಒಟ್ಟಿಗೆ ಮಾಡುವ ಒಂದು ಕೆಲಸದಿಂದ ಆಗುತ್ತೆ.

ಡ್ರೆಸ್ಡೆನ್‌ಗೆ ಹೋಗಿ ನೋಡಲು ದುಡ್ಡು ಉಳಿದಿರಲಿಲ್ಲ. ಅದಕ್ಕೆ ಬೇರೆ ಅಳತೆ ಹಿಡಿದೆ, 2021ರ ಸಂಸತ್ ಚುನಾವಣೆಯ ಫಲಿತಾಂಶ. ಹೊರಗಿನಿಂದ ಬಂದವರ ವಿರುದ್ಧ ಮಾತಾಡುವ ಎಎಫ್‌ಡಿ ಪಕ್ಷಕ್ಕೆ ದೇಶದಲ್ಲಿ ಸುಮಾರು ಶೇ. 10 ಮತ, ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ಸುಮಾರು ಶೇ. 25. ಅಲ್ಲಿ ಸುಖವಾಗಿರುವ ಕನ್ನಡದವರು ನನಗೆ ಗೊತ್ತಿದ್ದಾರೆ, ಅವರ ಮಾತು ಸುಳ್ಳಲ್ಲ. ಆದರೂ ಮಗಳು ಭಯವಿಲ್ಲದೆ ಸ್ಕೂಲಿಗೆ ಹೋಗಿಬರಬೇಕು ಅನ್ನುವುದಕ್ಕೆ ನಾನು ಹತ್ತು ಹಾಕಿದೆ, ಡ್ರೆಸ್ಡೆನ್ ಔಟ್. 2025ರ ಚುನಾವಣೆಯಲ್ಲಿ ಆ ಪಕ್ಷ ದೇಶಕ್ಕೇ ಶೇ. 20 ದಾಟಿ ಎರಡನೇ ಸ್ಥಾನಕ್ಕೆ ಬಂತು. ಹಾಗಾಗಿ ಈಗ ಬರುವವರು ರಾಜ್ಯದ ಅಂಕಿಗೆ ನಿಲ್ಲಬೇಡಿ, ನೀವಿರುವ ಊರಿನ ಅಂಕಿಯನ್ನೇ ತೆಗೆದು ನೋಡಿ. ಎಲ್ಲವೂ ಆನ್‌ಲೈನ್‌ನಲ್ಲಿದೆ.

2023ರ ಮೇನಲ್ಲಿ ಬಂದೆವು. ಮನೆ ಹುಡುಕುವುದು ನಿಜವಾದ ಕಷ್ಟ. ಕಳಿಸಿದ ಅರ್ಜಿಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರವೇ ಇಲ್ಲ. ಒಬ್ಬ ಮಾಲೀಕರು ನೇರವಾಗಿ "ನೀವು ಮಸಾಲೆ ಅಡುಗೆ ಮಾಡ್ತೀರಾ?" ಅಂತ ಕೇಳಿದರು. ಮಾಡ್ತೀವಿ ಅಂದೆ, ಆ ಮನೆ ಸಿಗಲಿಲ್ಲ. ಸಿಕ್ಕಿದ್ದು ಆ ಟೇಬಲ್ ಟೆನಿಸ್ ಸಂಘದವರ ಮೂಲಕ! ಬಿಸಿನೀರು, ಹೀಟಿಂಗ್ ಬಿಟ್ಟು ಬಾಡಿಗೆ 1,250 ಯೂರೋ ಆಸುಪಾಸು. ಡೆಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಮೂರು ಕಂತಿನಲ್ಲಿ ಕೊಡುವ ಹಕ್ಕೂ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ಬಂದವರಿಗೆ ಇದು ಸುಖ. ಆದರೆ ಅಡುಗೆಮನೆ ಖಾಲಿ ಗೋಡೆ. ಹಿಂದಿನ ಬಾಡಿಗೆಯವರ ಕಪಾಟು, ಒಲೆ, ಸಿಂಕ್ ಎಲ್ಲ ಸೇರಿಸಿ 1,800 ಯೂರೋಗೆ ಕೊಂಡೆವು. ಸಂಬಳದಲ್ಲಿ ಮೂರನೇ ಒಂದು ಭಾಗ ಕಡಿತ. ಅದರಲ್ಲೇ ಆರೋಗ್ಯ ವಿಮೆ ಬರುತ್ತೆ. ನಮ್ಮ ಮನೆಯವರಿಗೆ ಸಂಪಾದನೆ ಇಲ್ಲದಿದ್ದ ದಿನಗಳಲ್ಲಿ ಅವರೂ ಮಗಳೂ ಹೆಚ್ಚಿನ ಕಂತಿಲ್ಲದೆ ಅದರೊಳಗೇ ಇದ್ದರು. ಎಕ್ಸೆಲ್‌ನಲ್ಲಿ ಇದು ಕಂಡಿರಲಿಲ್ಲ. ಅವರು ಒಂದು ವರ್ಷ ಜರ್ಮನ್ ಕಲಿತು ಬಿ1 (ದಿನಬಳಕೆಯ ಮಾತು ನಡೆಸುವ ಮಟ್ಟದ ಭಾಷಾ ಪರೀಕ್ಷೆ) ಮುಗಿಸಿದರು, ಈಗ ಒಂದು ಸಣ್ಣ ಕಂಪನಿಯ ಲೆಕ್ಕ ನೋಡುತ್ತಾರೆ. ನಾನೂ ಬಿ1 ಪಾಸಾಗಿ, 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಿದೆ, ಸಿಕ್ಕಿತು.

ಅಕ್ಕಪಕ್ಕದವರ ರೀತಿನೀತಿಗೆ ಮೊದಲೇ ಸಿದ್ಧವಾಗಿ ಬಂದದ್ದು ತುಂಬಾ ಉಪಯೋಗಕ್ಕೆ ಬಂತು. ಈ ಸೀಮೆಯಲ್ಲಿ ಕೇರ್‌ವೋಖ ಅಂತ ಇದೆ. ಸರದಿ ಬಂದ ವಾರ ಮೆಟ್ಟಿಲು, ಓಣಿ ನೀವೇ ಗುಡಿಸಿ ಒರೆಸಬೇಕು. ನಿಮ್ಮ ವಾರ ಅಂತ ಬಾಗಿಲಿಗೆ ಬೋರ್ಡು ಬೀಳುತ್ತೆ. ನಮ್ಮ ಮೊದಲ ಸರದಿಯಲ್ಲಿ ಕೆಳಗಿನ ಮನೆಯ ಅಜ್ಜಿ ನೋಡಿ ತಲೆಯಾಡಿಸಿ ಹೋದರು. ಮುಂದಿನ ವಾರ ಪ್ಲಮ್ ಹಣ್ಣಿನ ಕೇಕ್ ತಂದುಕೊಟ್ಟರು. ಟೇಬಲ್ ಟಾಪ್ ಗ್ರೈಂಡರ್ ಸದ್ದು ಗೋಡೆಗೆ ಹೋಗದ ಹಾಗೆ ಅದರ ಕೆಳಗೆ ವಾಷಿಂಗ್ ಮಷೀನಿನ ರಬ್ಬರ್ ಮ್ಯಾಟ್ ಹಾಕಿದ್ದೇನೆ. ಭಾನುವಾರ ಇಲ್ಲಿ ಸದ್ದು ಮಾಡುವ ಹಾಗಿಲ್ಲ, ಅವತ್ತು ಮಾತ್ರ ರುಬ್ಬುವುದಿಲ್ಲ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಿಸಲು ಮೊಸರು ಬೆರೆಸಿ, ಹೀಟರ್ ಮೇಲಿಟ್ಟು, ಕಂಬಳಿ ಸುತ್ತಿ ನೋಡಿದೆ. ಕೊನೆಗೆ ಸರಿಯಾದದ್ದು ಓವನ್ ಒಳಗೆ ಬರೀ ದೀಪ ಹಾಕಿಡುವುದು. ರಾತ್ರಿ ಎಂಟಕ್ಕಿಟ್ಟರೆ ಬೆಳಗ್ಗೆ ಪಾತ್ರೆ ತುಂಬಿ ಬಂದಿರುತ್ತೆ.

ಕೆಲವು ವಿಷಯಗಳಿಗೆ ಮನಸ್ಸು ಒಪ್ಪಿಸಲು ಟೈಮ್ ಬೇಕು. ಒಂದನೇ ಕ್ಲಾಸಿನ ಮಕ್ಕಳು ಒಬ್ಬರೇ ನಡೆದು ಸ್ಕೂಲಿಗೆ ಹೋಗುತ್ತಾರೆ. ಕಾರಲ್ಲಿ ಬಿಡಬೇಡಿ ಅಂತ ಸ್ಕೂಲಿನವರೇ ಹೇಳುತ್ತಾರೆ. ಸ್ಟುಟ್‌ಗಾರ್ಟ್‌ನ ಬಾಡ್ ಕಾನ್‌ಸ್ಟಾಟ್ ಬಡಾವಣೆ ಕಡೆ ಖನಿಜ ನೀರಿನ ಒಳ್ಳೆಯ ಈಜುಕೊಳಗಳಿವೆ, ಆದರೆ ಸೌನಾದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಮೈಮೇಲೆ ಬಟ್ಟೆ ಇರುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಹದಿನಾಲ್ಕಕ್ಕೇ ಬಿಯರ್ ಕುಡಿಯಲು ಕಾನೂನಿನ ಒಪ್ಪಿಗೆ ಇದೆ. ಮಗಳು ಹದಿನಾಲ್ಕಾದಾಗ ನಾವೇನು ಹೇಳುತ್ತೇವೆ ಅಂತ ಬರುವ ಮುಂಚೆಯೇ ಗಂಡ ಹೆಂಡತಿ ಕೂತು ಮಾತಾಡಿದ್ದೆವು. ನೀವೂ ಮಾತಾಡಿ. ಅಲ್ಲಿ ಹೋಗಿ ನೋಡೋಣ ಅಂದವರ ಮನೆಗಳಲ್ಲಿ ಜಗಳ ನೋಡಿದ್ದೇನೆ.

ನೋಟ್‌ಬುಕ್‌ನಲ್ಲಿ ಭಾರ ಇಳಿಯದೆ ಉಳಿದಿರುವ ಸಾಲು ಅತ್ತೆಯದು. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಸಲ ಪರವಾನಗಿ ಪಡೆದ ಪರಿಣತ ಕೆಲಸಗಾರರು ಅಪ್ಪ ಅಮ್ಮನನ್ನೂ ಗಂಡ ಅಥವಾ ಹೆಂಡತಿಯ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಖರ್ಚು, ಆರೋಗ್ಯ ವಿಮೆ ಎಲ್ಲ ನಾವೇ ತೋರಿಸಬೇಕು. ನನ್ನದು ಅದಕ್ಕೂ ಮುಂಚಿನದು, ಹಾಗಾಗಿ ನಮಗೆ ಆ ದಾರಿ ಇಲ್ಲ. ಅತ್ತೆ ಬರುವುದು ತೊಂಬತ್ತು ದಿನದ ವೀಸಾದಲ್ಲಿ. ಈಗ ಹೊರಡುವವರು ಬಾಡಿಗೆ ಲೆಕ್ಕಕ್ಕೂ ಮೊದಲು ಇದನ್ನು ನೋಡಿ. ಆ ವಯಸ್ಸಿನವರಿಗೆ ಒಪ್ಪುವಂಥ ಆರೋಗ್ಯ ವಿಮೆ ಯಾರು, ಎಷ್ಟಕ್ಕೆ ಕೊಡುತ್ತಾರೆ ಅಂತ ಬರುವ ಮುಂಚೆಯೇ ಬರೆಸಿಕೊಳ್ಳಿ.

ಮಗಳಿಗೆ ಮುಂದಿನ ವರ್ಷ ನಾಲ್ಕನೇ ಕ್ಲಾಸು. ಅದು ಮುಗಿದ ಮೇಲೆ ಯೂನಿವರ್ಸಿಟಿ ಕಡೆಗೆ ಒಯ್ಯುವ ಗಿಮ್ನಾಸಿಯಮ್ಮಾ, ಹತ್ತನೇ ಕ್ಲಾಸಿಗೆ ಮುಗಿಯುವ ರಿಯಾಲ್‌ಶೂಲಾ ಅಂತ ಇಲ್ಲಿ ದಾರಿ ಬೇರೆಯಾಗುತ್ತೆ. ಹೊಸ ನೋಟ್‌ಬುಕ್ ಶುರು ಮಾಡಿದ್ದೇವೆ, ಈ ಸಲ ಅವಳ ಪುಟವನ್ನು ಅವಳೇ ತುಂಬುತ್ತಿದ್ದಾಳೆ.