ನಲ್ಲಿಯ ನೀರಿನ ದಾರಿ ಹಿಡಿದು

ಇದ್ದದ್ದಕ್ಕೆ ಕೃತಜ್ಞರಾಗಿರಬೇಕೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹೇಳಿದ ಮಾತ್ರಕ್ಕೆ ಆ ಭಾವ ಹುಟ್ಟುವುದಿಲ್ಲ. ನನ್ನಲ್ಲಿ ಅದು ಬೆಳೆದದ್ದು ಒಂದು ಅಭ್ಯಾಸದಿಂದ. ದಿನವೂ ಬಳಸುವ ಯಾವುದಾದರೂ ಒಂದು ಸೌಕರ್ಯವನ್ನು ಆರಿಸಿಕೊಂಡು, ಅದು ಮನೆಗೆ ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋಗುತ್ತೇನೆ. ಮೊದಲು ಆರಿಸಿಕೊಂಡದ್ದು ನೀರನ್ನು.

ನಾವಿರುವುದು ಮುಂಬಯಿಯ ಭಾಂಡುಪಿನಲ್ಲಿ. ನಮ್ಮ ಕಟ್ಟಡಕ್ಕೆ ಪಾಲಿಕೆಯ ನೀರು ಬರುವುದು ನಸುಕಿನ ಕೆಲವು ಗಂಟೆ ಮಾತ್ರ. ನೆಲದಡಿಯ ತೊಟ್ಟಿ ತುಂಬಿದ ಮೇಲೆ ಅದನ್ನು ಪಂಪಿನಿಂದ ಮಹಡಿಯ ಟಾಕಿಗೆ ಏರಿಸಬೇಕು. ಈ ಕೆಲಸ ನೋಡಿಕೊಳ್ಳುವ ಕಾಕಾ ನಾವೆಲ್ಲ ಮಲಗಿರುವಾಗಲೇ ಎದ್ದಿರುತ್ತಾರೆ. ನೀರಿನ ದಾರಿಯಲ್ಲಿ ನನಗೆ ಸಿಕ್ಕ ಮೊದಲ ಮನುಷ್ಯ ಅವರು.

ಅಲ್ಲಿಂದಾಚೆಗಿನ ದಾರಿ ಬಹಳ ಉದ್ದ. ಮುಂಬಯಿಗೆ ನೀರುಣಿಸುವುದು ಏಳು ಜಲಾಶಯಗಳು. ವಿಹಾರ್ ಮತ್ತು ತುಳಸಿ ನಗರದೊಳಗಿವೆ. ತಾನಸಾ, ಭಾತ್ಸಾ ಮತ್ತು ವೈತರಣಾ ನದಿಯ ಮೂರು ಜಲಾಶಯಗಳು ದೂರದ ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳಲ್ಲಿವೆ. ವಿಹಾರ್ ಕಟ್ಟಿ ಮುಗಿದದ್ದು 1860ರಲ್ಲಿ, ತಾನಸಾ 1892ರಲ್ಲಿ. ಆ ಕಲ್ಲು ಹೊತ್ತವರ ಹೆಸರೂ ನಮಗೆ ಗೊತ್ತಿಲ್ಲ. ಅವರು ಕಟ್ಟಿದ ಕಟ್ಟೆಯ ನೀರಿನಲ್ಲಿ ಈ ಊರು ಇಂದಿಗೂ ಅನ್ನ ಬೇಯಿಸುತ್ತಿದೆ.

ಒಂದು ಮೇ ತಿಂಗಳಲ್ಲಿ ಕಸಾರಾ ಲೋಕಲ್ ಹತ್ತಿ, ಆಸನಗಾಂವ್‌ನಲ್ಲಿಳಿದು ಶಹಾಪುರದ ಕಡೆ ಹೋಗಿದ್ದೆವು. ತಾನಸಾ, ಭಾತ್ಸಾ ಎರಡೂ ಇರುವ ತಾಲ್ಲೂಕು ಅದು. ಆದರೂ ಅಲ್ಲಿನ ಎಷ್ಟೋ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಹೆಂಗಸರು ಬಿಸಿಲಿನಲ್ಲಿ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರು. ಅವರ ಮಣ್ಣಿನಿಂದ ಹೊರಟ ನೀರು ನಮ್ಮ ಬಚ್ಚಲಿಗೆ ತಪ್ಪದೆ ಬರುತ್ತದೆ. ಇದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಮಗೆ ಸಿಕ್ಕಿದೆಯಲ್ಲ ಎಂಬ ನೆಮ್ಮದಿಯಲ್ಲಿ ನಿಂತುಬಿಡುವ ಕೃತಜ್ಞತೆ ನನಗೆ ಬೇಡ.

ಆಮೇಲೆ ಮನೆಯ ರೂಢಿಗಳು ಬದಲಾದವು. ಶವರ್ ಬಿಟ್ಟು ಬಕೆಟ್ ಹಿಡಿದೆವು. ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ನೆಲ ಒರೆಸಲು ಹಿಡಿದಿಡುತ್ತೇವೆ. ಅತಿಥಿಗಳಿಗೆ ಮೊದಲು ಅರ್ಧ ಲೋಟ, ಕೇಳಿದರೆ ಮತ್ತೆ. ಕುಂದಾಪುರದ ಮನೆಯಲ್ಲಿ ಬಾವಿಯಿಂದ ಸೇದಿ ಹಂಡೆ ತುಂಬಿಸುತ್ತಿದ್ದ ನಮ್ಮ ಅತ್ತೆಗೆ ಇದನ್ನೆಲ್ಲ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಕುಡಿದಿಟ್ಟ ಲೋಟದಲ್ಲಿ ಹನಿ ಉಳಿದದ್ದನ್ನು ನಾನು ಕಂಡಿಲ್ಲ. ಕಾಕಾ ರಜೆ ಹಾಕಿದ ದಿನ ಪಂಪಿನ ಕೆಲಸಕ್ಕೆ ನಮ್ಮ ಮನೆಯವರು ಇಳಿಯುತ್ತಾರೆ. ದೀಪಾವಳಿಗೆ ಕೊಡುವ ಲಕೋಟೆಗಿಂತ ಈ ರಜೆಯೇ ಅವರಿಗೆ ಹೆಚ್ಚು ಸಂತೋಷ ಕೊಟ್ಟಿದೆ.

ನೀರಾದ ಮೇಲೆ ಲೋಕಲ್ ರೈಲು. ದುರಸ್ತಿಗೆಂದು ಕೆಲವು ಗಂಟೆ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ಎಂದರೆ ಊರಿಗೆಲ್ಲ ಬೇಸರ. ಅದೇ ಹೊತ್ತಿನಲ್ಲಿ ಹಳಿ, ತಂತಿ, ಸಿಗ್ನಲ್ ದುರಸ್ತಿ ಮಾಡುವವರು ಬಿಸಿಲಿನಲ್ಲಿ ನಿಂತಿರುತ್ತಾರೆ. ಕಿಟಕಿಯಿಂದ ಅವರು ಕಂಡಾಗಲೆಲ್ಲ ಕೈ ಎತ್ತುತ್ತೇನೆ, ಕೆಲವರು ತಿರುಗಿ ಎತ್ತುತ್ತಾರೆ. ಈಗ ಹಾಲಿನ ಸರದಿ ಬಂದಿದೆ. ಪೊಟ್ಟಣ ತರುವ ಹುಡುಗ ಎಷ್ಟು ಹೊತ್ತಿಗೆ ಏಳುತ್ತಾನೆಂದು ಮಗಳು ಆಗಲೇ ವಿಚಾರಿಸಿಕೊಂಡು ಬಂದಿದ್ದಾಳೆ.